ರಕ್ತದ ವರದಿಗೆ ಸಹಿ ಹಾಕುವವರು ಯಾರು?

ಕರಾವಳಿಯ ಪಟ್ಟಣವೊಂದರಲ್ಲಿ ನಮಗೆ ಪರಿಚಯವಿರುವ ಒಂದು ಕುಟುಂಬವಿದೆ. ಆ ಮನೆಯ ಮಗಳು ಹದಿನಾಲ್ಕನೆಯ ವಯಸ್ಸಿನಿಂದಲೂ ಬಿಳಿಚಿಕೊಂಡಿದ್ದಳು. ಹಿಮೋಗ್ಲೋಬಿನ್ ಪರೀಕ್ಷಿಸಿದಾಗಲೆಲ್ಲ ಹತ್ತರ ಆಸುಪಾಸಿನಲ್ಲೇ ಇರುತ್ತಿತ್ತು. ರಕ್ತ ಕಡಿಮೆಯಿದೆ ಎಂದು ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಮಾತ್ರೆ ಮುಗಿಯಿತು, ಬಿಳಿಚು ಹೋಗಲಿಲ್ಲ. ಮತ್ತೆ ಮಾತ್ರೆ, ಮತ್ತೆ ಟಾನಿಕ್, ಖರ್ಜೂರ, ಬೀಟ್‌ರೂಟ್ ಎಂದು ಆರು ವರ್ಷಗಳು ಕಳೆದವು. ಬಳಿಕ ಸೋದರತ್ತೆಯ ಮಗನೊಂದಿಗೆ ಅವಳ ನಿಕಾಹ್ ನಡೆಯಿತು. ಹುಟ್ಟಿದ ಗಂಡುಮಗು ಎಂಟು ತಿಂಗಳಾಗುವಷ್ಟರಲ್ಲಿ ಸೊರಗಿತು, ಹೊಟ್ಟೆ ಉಬ್ಬಿತು. ದೊಡ್ಡ ಆಸ್ಪತ್ರೆಗೆ ಒಯ್ದಾಗ ಥಲಸ್ಸೇಮಿಯಾ ಮೇಜರ್ ಎಂದು ತಿಳಿಯಿತು. ತಂದೆ-ತಾಯಿ ಇಬ್ಬರೂ ಆ ರೋಗದ ವಾಹಕರಾಗಿದ್ದರು.

ಅಲ್ಲಿ ಪೆಥಾಲಜಿಯಲ್ಲಿ ಸ್ನಾತಕೋತ್ತರ ತರಬೇತಿ ಪಡೆಯುತ್ತಿದ್ದ ಯುವ ವೈದ್ಯೆಯೊಬ್ಬರು ತಾಯಿಯ ಹಳೆಯ ವರದಿಗಳನ್ನೆಲ್ಲ ಮನೆಯಿಂದ ತರಿಸಿ ನೋಡಿದರು. ಅವರು ಹೇಳಿದ್ದು ಇಷ್ಟೇ: ಉತ್ತರವು ಆರು ವರ್ಷಗಳಿಂದ ಈ ಕಾಗದದಲ್ಲೇ ಇತ್ತು.

ಹೌದು, ಇತ್ತು. ಯಂತ್ರ ತಪ್ಪು ಮಾಡಿರಲಿಲ್ಲ. ಅದು ಮುದ್ರಿಸಿದ ಅಂಕಿಗಳೆಲ್ಲವೂ ಸರಿಯಾಗಿಯೇ ಇದ್ದುವು. ಕೆಂಪು ರಕ್ತಕಣದ ಸರಾಸರಿ ಗಾತ್ರ 62, ಕಣಗಳ ಸಂಖ್ಯೆ 5.6 ಎಂದು ಅದರಲ್ಲಿ ಬರೆದಿತ್ತು. ಕಬ್ಬಿಣಾಂಶದ ಕೊರತೆಯಿದ್ದವರಲ್ಲಿ ಕಣಗಳು ಕಿರಿದಾಗುವುದರ ಜೊತೆಗೆ ಅವುಗಳ ಸಂಖ್ಯೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಥಲಸ್ಸೇಮಿಯಾ ವಾಹಕರಲ್ಲಾದರೋ ಕಣಗಳು ತೀರಾ ಕಿರಿದಾಗಿದ್ದರೂ ಸಂಖ್ಯೆ ಹೆಚ್ಚೇ ಇರುತ್ತದೆ. ಗಾತ್ರವನ್ನು ಸಂಖ್ಯೆಯಿಂದ ಭಾಗಿಸಿದಾಗ ಬರುವ ಉತ್ತರ 13ಕ್ಕಿಂತ ಕಡಿಮೆಯಿದ್ದರೆ ಥಲಸ್ಸೇಮಿಯಾವನ್ನು ಶಂಕಿಸಬೇಕೆಂದು ಮೆಂಟ್ಜರ್ ಎಂಬ ವೈದ್ಯರು 1973ರಲ್ಲೇ ತೋರಿಸಿಕೊಟ್ಟಿದ್ದಾರೆ. ಈ ಹುಡುಗಿಯ ವರದಿಯಲ್ಲಿ ಅದು 11 ಆಗುತ್ತಿತ್ತು. ಇದು ಬರೇ ಸೂಚನೆಯೇ ಹೊರತು ತೀರ್ಪಲ್ಲ. ಆದರೆ ಆ ಸೂಚನೆಯನ್ನು ಹಿಡಿದು ಯಾರಾದರೂ ಹಿಮೋಗ್ಲೋಬಿನ್‌ನ ಎಚ್‌ಪಿಎಲ್‌ಸಿ ಪರೀಕ್ಷೆಗೆ ಕಳುಹಿಸಿದ್ದರೆ ನಿಕಾಹ್‌ಗೆ ಮುನ್ನವೇ ಸತ್ಯ ತಿಳಿಯುತ್ತಿತ್ತು. ಶಾಲಾ ಬಾಲಕನೂ ಮಾಡಬಹುದಾದ ಒಂದು ಭಾಗಾಕಾರವನ್ನು ಆರು ವರ್ಷಗಳಲ್ಲಿ ಯಾರೂ ಮಾಡಲಿಲ್ಲ. ಯಾಕೆ?

ಯಾಕೆಂದರೆ, ವರದಿಯನ್ನು ಮುದ್ರಿಸುವ ಯಂತ್ರ ನಮ್ಮ ಪಟ್ಟಣಗಳ ಗಲ್ಲಿಗಲ್ಲಿಗೂ ಬಂದಿದೆ. ವರದಿಯನ್ನು ಓದುವ ಕಣ್ಣು ಬಂದಿಲ್ಲ.

ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆಯನ್ನು ಜಾಬಿರ್(ರ) ವರದಿ ಮಾಡಿದ್ದಾರೆ. ಅಬೂದಾವೂದ್‌ರ ಸಂಗ್ರಹದಲ್ಲಿ ಅದು ದಾಖಲಾಗಿದೆ. ಪ್ರಯಾಣದಲ್ಲಿದ್ದಾಗ ಒಬ್ಬರಿಗೆ ಕಲ್ಲು ತಗುಲಿ ತಲೆಗೆ ಗಾಯವಾಯಿತು. ಆ ರಾತ್ರಿ ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಮಾಡಿದರೆ ಸಾಕೇ ಎಂದು ಅವರು ಸಂಗಡಿಗರಲ್ಲಿ ಕೇಳಿದರು. ನೀರು ಇರುವಾಗ ನಿಮಗೆ ರಿಯಾಯಿತಿಯಿಲ್ಲ ಎಂದು ಸಂಗಡಿಗರು ಹೇಳಿದರು. ಅವರು ಸ್ನಾನ ಮಾಡಿದರು, ಮರಣವನ್ನಪ್ಪಿದರು. ಸುದ್ದಿ ತಿಳಿದಾಗ ಪ್ರವಾದಿವರ್ಯರು(ಸ) ತೀವ್ರವಾಗಿ ನೊಂದರು. ಆ ಸಾವಿನ ಹೊಣೆಯನ್ನು ತಿಳಿಯದೆ ತೀರ್ಪು ಕೊಟ್ಟವರ ಮೇಲೆಯೇ ಹೊರಿಸಿದರು. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು, ಅಜ್ಞಾನಕ್ಕೆ ಮದ್ದು ವಿಚಾರಿಸುವುದೇ ಆಗಿದೆ ಎಂಬ ಪಾಠವನ್ನು ಸಮುದಾಯಕ್ಕೆ ಕಲಿಸಿದರು.

ಮದ್ರಸದ ತರಗತಿಯಲ್ಲಿ ಈ ಹದೀಸನ್ನು ನಾವು ತಯಮ್ಮುಮ್‌ನ ಅಧ್ಯಾಯದಲ್ಲಿ ಓದುತ್ತೇವೆ. ಆದರೆ ಅದು ಬರೇ ತಯಮ್ಮುಮ್‌ನ ವಿಷಯವೇ? ಸಂಗಡಿಗರ ಬಳಿ ನಿಯಮವಿತ್ತು. ಎದುರಿಗಿದ್ದ ಗಾಯಕ್ಕೆ ಆ ನಿಯಮ ಹೇಗೆ ಅನ್ವಯಿಸುತ್ತದೆ ಎಂಬ ಅರಿವಿರಲಿಲ್ಲ. ರಕ್ತ ಕಡಿಮೆಯೇ? ಕಬ್ಬಿಣಾಂಶ ಕೊಡಿ. ಇದೂ ಒಂದು ನಿಯಮವೇ. ಎದುರಿಗಿರುವ ರಕ್ತ ಯಾವ ಬಗೆಯದು ಎಂದು ಕೇಳುವವರಿಲ್ಲದಿದ್ದರೆ ಆ ನಿಯಮವೇ ಒಂದು ಕುಟುಂಬವನ್ನು ಮುಳುಗಿಸಬಲ್ಲದು.

ಹಾಗಿದ್ದರೆ ಕೇಳುವವರು ಎಲ್ಲಿ ತಯಾರಾಗುತ್ತಾರೆ? ಎಂಬಿಬಿಎಸ್ ಮುಗಿಸಿದ ವೈದ್ಯ ಪೆಥಾಲಜಿಯಲ್ಲಿ ಎಂಡಿ ಮಾಡಲು ಮೂರು ವರ್ಷಗಳನ್ನು ವ್ಯಯಿಸುತ್ತಾನೆ. ಈ ಅವಧಿಯಲ್ಲಿ ಅವನನ್ನು ರೆಸಿಡೆಂಟ್ ಎನ್ನುತ್ತಾರೆ. ಅಂದರೆ, ಆಸ್ಪತ್ರೆಯಲ್ಲೇ ವಾಸವಿದ್ದು ಕಲಿಯುವವನು. ಅವನ ಕಲಿಕೆ ಪುಸ್ತಕದಿಂದ ಆರಂಭವಾಗುವುದಿಲ್ಲ. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳುವಾಗಿ ಹರಡುವುದು, ಲೀಶ್‌ಮನ್ ಬಣ್ಣ ಹಾಕುವುದು, ಸೂಕ್ಷ್ಮದರ್ಶಕದಡಿ ನೂರಾರು ಕಣಗಳನ್ನು ಒಂದೊಂದಾಗಿ ಗುರುತಿಸುವುದು, ಬಳಿಕ ತನಗೆ ಕಂಡದ್ದನ್ನು ಹಿರಿಯರ ಮುಂದಿಟ್ಟು ಬೈಸಿಕೊಳ್ಳುವುದು, ಹೀಗೆ ಅದು ಸಾಗುತ್ತದೆ. ಮೂಳೆಯೊಳಗಿನ ಮಜ್ಜೆಯನ್ನು ಸೂಜಿಯಿಂದ ತೆಗೆದು ಪರಿಶೀಲಿಸಲು, ರಕ್ತ ಹೆಪ್ಪುಗಟ್ಟುವ ಸಮಯವನ್ನು ಅಳೆಯಲು, ರಕ್ತನಿಧಿಯಲ್ಲಿ ರೋಗಿಯ ಮತ್ತು ದಾನಿಯ ರಕ್ತವನ್ನು ಹೊಂದಿಸಲು ಅವನು ಕಲಿಯುತ್ತಾನೆ. ಒಬ್ಬ ಗುರುವಿನ ಪಕ್ಕದಲ್ಲಿ ಕುಳಿತು, ಅವರು ನೋಡುತ್ತಿರುವ ಸ್ಲೈಡನ್ನೇ ಎರಡನೇ ಕನ್ನಡಕದಲ್ಲಿ ನೋಡುವಂಥ ಜೋಡಿ ಸೂಕ್ಷ್ಮದರ್ಶಕಗಳೂ ಇವೆ. ಉಸ್ತಾದರ ಎದುರು ಮಂಡಿಯೂರಿ ಕುಳಿತು ಕಿತಾಬು ಓದಿಸಿಕೊಂಡ ನಮಗೆ ಈ ಕಲಿಕೆಯ ರೀತಿ ಅಪರಿಚಿತವಲ್ಲ.

ಹದೀಸ್ ವಿದ್ವಾಂಸರು ಒಂದು ವರದಿ ಕೈಗೆ ಬಂದೊಡನೆ ಅದನ್ನು ಒಪ್ಪಿಕೊಳ್ಳುತ್ತಿರಲಿಲ್ಲ. ಅದು ಯಾರ ಮೂಲಕ ಬಂತು, ನಡುವೆ ಸರಪಣಿ ತುಂಡಾಗಿದೆಯೇ, ವರದಿಗಾರನ ನೆನಪಿನ ಶಕ್ತಿ ಎಂಥದ್ದು ಎಂದು ಶೋಧಿಸುತ್ತಿದ್ದರು. ರಕ್ತದ ವರದಿಗೂ ಅಂಥ ಸರಪಣಿಯೊಂದಿದೆ. ಉದಾಹರಣೆಗೆ, ಮಳೆಗಾಲದ ಡೆಂಗಿ ಜ್ವರವನ್ನೇ ತೆಗೆದುಕೊಳ್ಳಿ. ಪ್ಲೇಟ್‌ಲೆಟ್ ಮೂವತ್ತು ಸಾವಿರಕ್ಕೆ ಇಳಿದಿದೆ ಎಂಬ ಚೀಟಿ ಕೈಗೆ ಬಂದೊಡನೆ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಅನೇಕ ಬಾರಿ ಅದು ನಿಜವೇ ಆಗಿರುತ್ತದೆ. ಆದರೆ ರಕ್ತ ಹೆಪ್ಪುಗಟ್ಟದಂತೆ ಕೊಳವೆಯಲ್ಲಿ ಹಾಕಿರುವ ಇಡಿಟಿಎ ಎಂಬ ರಾಸಾಯನಿಕದಿಂದಾಗಿಯೇ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸೂಜಿ ಚುಚ್ಚಿ ತಡವರಿಸಿ ರಕ್ತ ತೆಗೆದಾಗಲೂ ಹೀಗಾಗುತ್ತದೆ. ಯಂತ್ರಕ್ಕೆ ಹತ್ತು ಪ್ಲೇಟ್‌ಲೆಟ್‌ಗಳ ಗೊಂಚಲು ಹತ್ತಾಗಿ ಕಾಣುವುದಿಲ್ಲ. ಸ್ಲೈಡ್ ನೋಡಿದವನಿಗೆ ಮಾತ್ರ ಆ ಗೊಂಚಲುಗಳು ಕಾಣುತ್ತವೆ. ಅವನು ಬೇರೆ ಕೊಳವೆಯಲ್ಲಿ ರಕ್ತ ತರಿಸಿ ಮತ್ತೆ ಎಣಿಸುತ್ತಾನೆ. ಆ ಒಂದು ನೋಟ ಇಲ್ಲದಿದ್ದರೆ ಬೇಕಿಲ್ಲದ ಐಸಿಯು, ಬೇಕಿಲ್ಲದ ಪ್ಲೇಟ್‌ಲೆಟ್ ಚೀಲ, ಒಡವೆ ಅಡವಿಟ್ಟು ಕಟ್ಟುವ ಬಿಲ್ಲು.

ಇದಕ್ಕೆ ತದ್ವಿರುದ್ಧವಾದುದೂ ಇದೆ. ರಕ್ತದ ಕ್ಯಾನ್ಸರ್‌ಗಳಲ್ಲಿ ಪ್ರೋಮೈಲೋಸೈಟಿಕ್ ಲುಕೇಮಿಯಾ ಎಂಬ ತೀವ್ರ ಬಗೆಯೊಂದಿದೆ. ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆಗಳೊಂದಿಗೆ ರೋಗಿ ಬರುತ್ತಾನೆ. ಗುರುತಿಸದಿದ್ದರೆ ಕೆಲವೇ ದಿನಗಳಲ್ಲಿ ಮೆದುಳಿನಲ್ಲಿ ರಕ್ತಸ್ರಾವವಾಗಿ ಸಾಯುತ್ತಾನೆ. ಗುರುತಿಸಿದರೆ ಇದು ಅತ್ಯಂತ ಹೆಚ್ಚು ಗುಣವಾಗುವ ರಕ್ತದ ಕ್ಯಾನ್ಸರ್‌ಗಳಲ್ಲೊಂದು. 1980ರ ದಶಕದಲ್ಲಿ ಶಾಂಘೈಯ ವೈದ್ಯರು ವಿಟಮಿನ್ ಎ ಕುಲಕ್ಕೆ ಸೇರಿದ ಔಷಧವೊಂದರಿಂದ ಇದನ್ನು ಮಣಿಸಿದರು. ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಆರ್ಸೆನಿಕ್ ಒಂದರಿಂದಲೇ ಬಹಳಷ್ಟು ರೋಗಿಗಳನ್ನು ಉಳಿಸಿ ಜಗತ್ತಿಗೆ ತೋರಿಸಿದರು. ಆದರೆ ಔಷಧ ಆರಂಭವಾಗಬೇಕಾದುದು ಶಂಕೆ ಮೂಡಿದ ಗಳಿಗೆಯಲ್ಲಿ. ರಾತ್ರಿ ಎರಡು ಗಂಟೆಗೆ ತುರ್ತು ವಿಭಾಗದಿಂದ ಬಂದ ಸ್ಲೈಡ್‌ನಲ್ಲಿ ಕಡ್ಡಿಗಳ ಕಟ್ಟಿನಂತೆ ಕಾಣುವ ಆ ಕಣಗಳನ್ನು ಕಂಡು, ವಾರ್ಡಿನ ವೈದ್ಯರಿಗೆ ಫೋನ್ ಮಾಡುವವರು ಯಾರು? ಕರ್ತವ್ಯದಲ್ಲಿರುವ ರೆಸಿಡೆಂಟ್ ಪೆಥಾಲಜಿಸ್ಟ್. ಅವರಿಗೆ ತರಬೇತಿ ಇಲ್ಲದಿದ್ದರೆ ಆ ಸ್ಲೈಡ್ ಬೆಳಗಿನವರೆಗೆ ತಟ್ಟೆಯಲ್ಲೇ ಇರುತ್ತದೆ. ರೋಗಿ ಇರಬೇಕೆಂದಿಲ್ಲ.

ಪ್ರಯೋಗಾಲಯದ ಈ ವಿದ್ಯೆಗೂ ನಮ್ಮ ಹೆಣ್ಣುಮಕ್ಕಳ ಬದುಕಿಗೂ ಇರುವ ಸಂಬಂಧ ಇಂದಿನದಲ್ಲ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ 1928ರಲ್ಲಿ ಬೊಂಬಾಯಿಗೆ ಬಂದರು. ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯ ಕಾರಣವನ್ನು ಕಂಡುಹಿಡಿಯುವುದು ಅವರ ಕೆಲಸವಾಗಿತ್ತು. ಅವರು ಲಂಡನಿನ ಆಸ್ಪತ್ರೆಯೊಂದರ ಪೆಥಾಲಜಿ ವಿಭಾಗದಲ್ಲಿ ಪಳಗಿದವರು. ಯಾವ ವರ್ಗದ ಹೆಂಗಸರಿಗೆ ಈ ರೋಗ ಹೆಚ್ಚು, ಅವರು ಏನನ್ನು ಉಣ್ಣುತ್ತಾರೆ ಎಂದು ಅವರು ವಿಚಾರಿಸಿದರು. ಬಡ ಮುಸ್ಲಿಮ್ ಹೆಂಗಸರ ಊಟ ಎಲ್ಲಕ್ಕಿಂತ ಕಳಪೆಯಾಗಿತ್ತು, ರೋಗವೂ ಅವರಲ್ಲೇ ಹೆಚ್ಚಿತ್ತು. ಯೀಸ್ಟ್‌ನಿಂದ ತಯಾರಿಸುವ ಅಗ್ಗದ ತಿನಿಸೊಂದರಿಂದ ಆ ರಕ್ತಹೀನತೆ ಗುಣವಾಗುವುದನ್ನು ಅವರು 1931ರಲ್ಲಿ ಪ್ರಕಟಿಸಿದರು. ಅದರೊಳಗಿದ್ದ ಗುಣಕಾರಿ ವಸ್ತುವೇ ಫೋಲಿಕ್ ಆಮ್ಲ. ಇಂದು ಜಗತ್ತಿನೆಲ್ಲೆಡೆ ಗರ್ಭಿಣಿಯರು ನುಂಗುವ ಆ ಪುಟ್ಟ ಮಾತ್ರೆಯ ಹಿಂದೆ ಬೊಂಬಾಯಿಯ ಬಡ ಮುಸ್ಲಿಮ್ ತಾಯಂದಿರ ರಕ್ತವಿದೆ, ಅದನ್ನು ತಾಳ್ಮೆಯಿಂದ ನೋಡಿದ ಒಂದು ಕಣ್ಣಿದೆ. ಎಲ್ಲ ರಕ್ತಹೀನತೆಯೂ ಒಂದೇ ಅಲ್ಲ ಎಂಬುದೇ ಅವರ ಸಂಶೋಧನೆಯ ತಿರುಳಾಗಿತ್ತು. ನೂರು ವರ್ಷಗಳಾಗುತ್ತಾ ಬಂದರೂ ನಾವು ಆ ತಿರುಳನ್ನು ಅರಗಿಸಿಕೊಂಡಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಇವರಲ್ಲಿ ಎಷ್ಟು ಮಂದಿಯ ರಕ್ತವನ್ನು ಒಬ್ಬ ತಜ್ಞ ನೋಡಿರಬಹುದು?

ಪ್ರಭುತ್ವ ಏನು ಮಾಡುತ್ತಿದೆ? ವೈದ್ಯಕೀಯ ಸೀಟುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಅದು ಸಂತೋಷದ ವಿಷಯವೇ. ಆದರೆ ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್‌ಗಳ ಸೀಟುಗಳು ಮೊದಲ ಸುತ್ತಿನಲ್ಲೇ ಮುಗಿದುಹೋದರೆ, ಪೆಥಾಲಜಿ, ಮೈಕ್ರೋಬಯಾಲಜಿ, ಅಂಗರಚನಾಶಾಸ್ತ್ರದಂಥ ವಿಭಾಗಗಳ ಸೀಟುಗಳು ಕೊನೆಯ ಸುತ್ತಿನವರೆಗೂ ಅಭ್ಯರ್ಥಿಗಳನ್ನು ಕಾಯುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರವು ನೀಟ್ ಪಿಜಿ ಅರ್ಹತೆಯನ್ನು ಶೂನ್ಯ ಪರ್ಸೆಂಟೈಲ್‌ಗೆ ಇಳಿಸಿತು. ಅಂದರೆ, ಪರೀಕ್ಷೆ ಬರೆದವರೆಲ್ಲರೂ ಅರ್ಹರಾದರು. ಅವರೆಲ್ಲ ಎಂಬಿಬಿಎಸ್ ಪಾಸಾದ ವೈದ್ಯರೇ ಅಲ್ಲವೇ ಎಂಬ ಸಮರ್ಥನೆಯಲ್ಲಿ ಹುರುಳಿಲ್ಲವೆಂದಲ್ಲ. ಸೀಟು ಖಾಲಿ ಬೀಳುವುದಕ್ಕಿಂತ ತುಂಬುವುದು ಮೇಲು. ಆದರೆ ಸೀಟು ತುಂಬುವುದು ಮತ್ತು ತಜ್ಞನನ್ನು ತಯಾರಿಸುವುದು ಒಂದೇ ಅಲ್ಲ. ಬೇರೆ ಯಾವುದೂ ಸಿಗಲಿಲ್ಲವೆಂದು ಬಂದು ಕೂತವನಿಗೆ ಸ್ಲೈಡಿನ ಮೇಲೆ ಪ್ರೀತಿ ಹುಟ್ಟಿಸಲು ಒಳ್ಳೆಯ ಗುರು ಬೇಕು, ದಿನಂಪ್ರತಿ ಹೊಸ ಹೊಸ ರೋಗಿಗಳ ಮಾದರಿಗಳು ಬೇಕು. ರೋಗಿಗಳೇ ಇಲ್ಲದ ಕಾಲೇಜು ಆಸ್ಪತ್ರೆಯಲ್ಲಿ ಮೂರು ವರ್ಷ ಪೆಟ್ಟಿಗೆಯಲ್ಲಿಟ್ಟ ಹಳೆಯ ಸ್ಲೈಡ್‌ಗಳನ್ನೇ ನೋಡಿದವನು ಹೊರಬಂದು ಯಾವ ರೋಗವನ್ನು ಗುರುತಿಸಿಯಾನು?

ಕಾನೂನಿನ ಪಾಡೂ ಇದಕ್ಕಿಂತ ಭಿನ್ನವಲ್ಲ. ಪೆಥಾಲಜಿ ವರದಿಗೆ ಆ ವಿಷಯದಲ್ಲಿ ಸ್ನಾತಕೋತ್ತರ ಅರ್ಹತೆಯುಳ್ಳ ನೋಂದಾಯಿತ ವೈದ್ಯರೇ ಸಹಿ ಹಾಕಬೇಕೆಂಬ ನಿಲುವನ್ನು 2017ರ ಡಿಸೆಂಬರ್‌ನಲ್ಲಿ ಸುಪ್ರೀಮ್ ಕೋರ್ಟು ಎತ್ತಿಹಿಡಿಯಿತು. ಆ ಬಳಿಕ ಕೇಂದ್ರದ ನಿಯಮಗಳಲ್ಲಿ ಸಣ್ಣ ಲ್ಯಾಬ್‌ಗಳ ಮಟ್ಟಿಗೆ ಸಡಿಲಿಕೆಗಳಾದವು. ತಜ್ಞರೇ ಇಲ್ಲದ ಊರಿನಲ್ಲಿ ಕಟ್ಟುನಿಟ್ಟಿನ ಕಾನೂನು ಲ್ಯಾಬನ್ನು ಮುಚ್ಚಿಸುತ್ತದೆ, ಸಡಿಲ ಕಾನೂನು ರಬ್ಬರ್ ಸ್ಟಾಂಪನ್ನು ಸಾಕುತ್ತದೆ. ಲ್ಯಾಬಿನ ಮೆಟ್ಟಿಲನ್ನೂ ಹತ್ತದ ವೈದ್ಯರ ಹೆಸರು ವರದಿಯ ಕೆಳಗೆ ಅಚ್ಚಾಗಿ ಬರುತ್ತದೆ. ಇದರ ಅರ್ಥ ಟೆಕ್ನಿಶಿಯನ್‌ಗಳು ನಿಷ್ಪ್ರಯೋಜಕರೆಂದಲ್ಲ. ಅವರ ದುಡಿಮೆಯಿಲ್ಲದೆ ಒಂದು ದಿನವೂ ಲ್ಯಾಬ್ ನಡೆಯದು. ಆದರೆ ಅವರ ಮೇಲೆ ಹೊರಲಾರದ ಹೊರೆಯನ್ನು ಹೊರಿಸುವುದು ಅವರಿಗೂ ಅನ್ಯಾಯ, ರೋಗಿಗೂ ಅನ್ಯಾಯ.

ಒಂದು ಕಾಲದಲ್ಲಿ ಈ ಪ್ರಶ್ನೆಯನ್ನು ನಮ್ಮ ಪೂರ್ವಜರು ಎದುರಿಸಿದ್ದರು. ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ವೈದ್ಯನ ತಪ್ಪಿನಿಂದ ರೋಗಿಯೊಬ್ಬ ಸತ್ತಾಗ ಖಲೀಫ ಅಲ್ ಮುಕ್ತದಿರ್ ಕಣ್ಣೀರು ಸುರಿಸಿ ಸುಮ್ಮನಾಗಲಿಲ್ಲ. ಸಿನಾನ್ ಬಿನ್ ಸಾಬಿತ್‌ರ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಯಾರೂ ವೈದ್ಯವೃತ್ತಿ ನಡೆಸಕೂಡದೆಂದು ಆಜ್ಞಾಪಿಸಿದರು. ನಗರದ ಎಂಟುನೂರಕ್ಕೂ ಹೆಚ್ಚು ವೈದ್ಯರು ಪರೀಕ್ಷೆಗೊಳಪಟ್ಟರೆಂದು ಚರಿತ್ರೆ ಹೇಳುತ್ತದೆ. ಬೀಮಾರಿಸ್ತಾನ್‌ಗಳಲ್ಲಿ ಶಿಷ್ಯರು ಗುರುವಿನೊಂದಿಗೆ ರೋಗಿಯ ಹಾಸಿಗೆಯ ಬಳಿ ನಿಂತು ಕಲಿಯುತ್ತಿದ್ದರು. ಈ ಚರಿತ್ರೆಯನ್ನು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅಲ್ ರಾಝಿ, ಇಬ್ನು ಸೀನಾ, ಇಬ್ನು ನಫೀಸ್ ಎಂದು ಹೆಸರುಗಳನ್ನು ಪಟ್ಟಿ ಮಾಡುತ್ತೇವೆ. ಸಭೆ ಮುಗಿದ ಮೇಲೆ ಮಗಳಿಗೆ ಪೆಥಾಲಜಿ ಸೀಟು ಸಿಕ್ಕಿದೆ ಎಂದು ಯಾರಾದರೂ ಹೇಳಿದರೆ, ಅಯ್ಯೋ, ಬೇರೇನೂ ಸಿಗಲಿಲ್ಲವೇ ಎಂದು ಕೇಳುತ್ತೇವೆ!

ನಿಜವಾಗಿ, ಇಲ್ಲಿ ನಮ್ಮ ಸಮುದಾಯವೂ ಆತ್ಮಾವಲೋಕನ ಮಾಡಿಕೊಳ್ಳಬೇಕಿದೆ. ನಮ್ಮಲ್ಲಿ ದಾನಿಗಳಿಗೆ ಕೊರತೆಯಿಲ್ಲ. ಆ್ಯಂಬುಲೆನ್ಸ್ ಕೊಡುತ್ತಾರೆ, ಡಯಾಲಿಸಿಸ್ ಯಂತ್ರ ಕೊಡುತ್ತಾರೆ, ಅದರ ಮೇಲೆ ಹೆಸರೂ ಬರೆಸುತ್ತಾರೆ. ಆದರೆ ಪೆಥಾಲಜಿ ಎಂಡಿ ಮಾಡುವ ಒಬ್ಬ ಬಡ ವೈದ್ಯನ ಮೂರು ವರ್ಷಗಳ ಶುಲ್ಕವನ್ನು ಭರಿಸಲು ಎಷ್ಟು ಟ್ರಸ್ಟ್‌ಗಳು ಮುಂದೆ ಬಂದಿವೆ? ಕಲಿತ ಕಣ್ಣಿನ ಮೇಲೆ ಹೆಸರು ಬರೆಸಲಾಗದು ಎಂಬುದೇ ಇದಕ್ಕೆ ಕಾರಣವೇ? ವಿಜಯಪುರದಲ್ಲಿ 1984ರಲ್ಲಿ ಅಲ್ ಅಮೀನ್, ಮಂಗಳೂರಿನಲ್ಲಿ 1999ರಲ್ಲಿ ಯೆನೆಪೋಯ, ಕಲಬುರಗಿಯಲ್ಲಿ 2000ದಲ್ಲಿ ಖಾಜಾ ಬಂದಾನವಾಝ್ ಹೀಗೆ ವೈದ್ಯಕೀಯ ಕಾಲೇಜುಗಳನ್ನು ಕಟ್ಟಿದ ಸಮುದಾಯ ಇದು. ಕಟ್ಟಡ ಕಟ್ಟುವುದು ನಮಗೆ ಗೊತ್ತು. ಅದರೊಳಗೆ ಗುರುಗಳ ಪರಂಪರೆಯನ್ನು ಕಟ್ಟುವ ಕೆಲಸ ಸಮುದಾಯದ ಮುಂದೆ ಇನ್ನೂ ಇದೆ.

ಹೆಣ್ಣುಮಕ್ಕಳ ಕುರಿತೂ ಒಂದು ಮಾತು. ಪೆಥಾಲಜಿಯಾದರೆ ರಾತ್ರಿ ಡ್ಯೂಟಿ ಇರುವುದಿಲ್ಲ, ಮನೆಗೆ ಬೇಗ ಬರಬಹುದು ಎಂಬ ಕಾರಣಕ್ಕಾಗಿ ಕೆಲವು ಹೆತ್ತವರು ಒಪ್ಪುತ್ತಾರೆ. ಒಪ್ಪುವುದು ಒಳ್ಳೆಯದು, ಕಾರಣ ಮಾತ್ರ ಸರಿಯಿಲ್ಲ. ರಕ್ತನಿಧಿಗೆ ರಾತ್ರಿಯಿಲ್ಲ, ಹೆರಿಗೆಯಲ್ಲಿ ರಕ್ತ ಸುರಿಯುತ್ತಿರುವ ತಾಯಿಗೆ ಬೆಳಗಾಗುವವರೆಗೆ ಕಾಯಲು ಸಾಧ್ಯವಿಲ್ಲ. ಆದ್ದರಿಂದ ಮಗಳನ್ನು ತಡೆಯುವ ಬದಲು ಅವಳ ಸುರಕ್ಷತೆಗಾಗಿ ನಾವು ದನಿಯೆತ್ತಬೇಕು. 2024ರ ಆಗಸ್ಟ್‌ನಲ್ಲಿ ಕೊಲ್ಕತ್ತಾದ ಆಸ್ಪತ್ರೆಯೊಳಗೆ ಕರ್ತವ್ಯನಿರತ ಸ್ನಾತಕೋತ್ತರ ವೈದ್ಯೆಯೊಬ್ಬರ ಮೇಲೆ ನಡೆದ ಅತ್ಯಾಚಾರ ಮತ್ತು ಕೊಲೆ, ಬೀಗವಿರುವ ಒಂದು ವಿಶ್ರಾಂತಿ ಕೋಣೆಯೂ ನಮ್ಮ ರೆಸಿಡೆಂಟ್‌ಗಳ ಪಾಲಿಗೆ ಹೋರಾಡಿ ಪಡೆಯಬೇಕಾದ ಹಕ್ಕಾಗಿದೆ ಎಂಬುದನ್ನು ದೇಶಕ್ಕೆ ತೋರಿಸಿತು.

ಇನ್ನು, ಮದುವೆಯ ವಿಷಯ. ಶರೀಅತ್ ಸೋದರ ಸಂಬಂಧಿಗಳ ವಿವಾಹವನ್ನು ಅನುಮತಿಸಿದೆ, ಆದೇಶಿಸಿಲ್ಲ. ರಕ್ತಸಂಬಂಧದ ವಿವಾಹ ದಕ್ಷಿಣ ಭಾರತದಲ್ಲಿ ಮುಸ್ಲಿಮರದ್ದು ಮಾತ್ರವೂ ಅಲ್ಲ. ಇತರ ಸಮುದಾಯಗಳಲ್ಲೂ ಇದೆ. ಥಲಸ್ಸೇಮಿಯಾ ಸಂಬಂಧಿಕರಲ್ಲದ ದಂಪತಿಯ ಮಕ್ಕಳಲ್ಲೂ ಕಾಣಿಸಿಕೊಳ್ಳುತ್ತದೆ. ಆದರೆ ಒಂದೇ ಅಜ್ಜನ ಮೊಮ್ಮಕ್ಕಳಿಬ್ಬರೂ ವಾಹಕರಾಗಿರುವ ಸಾಧ್ಯತೆ ಹೆಚ್ಚು. ಇಬ್ಬರು ವಾಹಕರು ದಂಪತಿಯಾದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವವಿದೆ. ಇರಾನ್ 1997ರಲ್ಲಿ, ಸೌದಿ ಅರೇಬಿಯಾ 2004ರಲ್ಲಿ ನಿಕಾಹ್‌ಗೆ ಮುನ್ನ ಪರೀಕ್ಷೆಯನ್ನು ಕಡ್ಡಾಯ ಮಾಡಿದವು. ಪರೀಕ್ಷೆಯಿಂದ ಹೆಣ್ಣಿಗೆ ಕಳಂಕ ಬರುತ್ತದೆ ಎಂಬ ಭಯ ನಮ್ಮಲ್ಲಿದೆ. ಈ ಭಯ ಆಧಾರರಹಿತವಲ್ಲ. ಆದರೆ ಇರಾನ್ ಏನು ಮಾಡಿತು ನೋಡಿ. ಅಲ್ಲಿ ಮೊದಲು ಗಂಡಿನ ರಕ್ತವನ್ನು ಪರೀಕ್ಷಿಸುತ್ತಾರೆ. ಅವನ ಕಣಗಳು ಸಾಮಾನ್ಯವಾಗಿದ್ದರೆ ಹೆಣ್ಣಿನ ಪರೀಕ್ಷೆಯ ಅಗತ್ಯವೇ ಬೀಳುವುದಿಲ್ಲ. ನಮ್ಮ ಜಮಾಅತ್‌ಗಳೂ ಇದೇ ದಾರಿ ಹಿಡಿಯಬಹುದಲ್ಲವೇ? ವಾಹಕನಾಗಿರುವುದು ರೋಗವಲ್ಲ, ಪಾಪವಂತೂ ಅಲ್ಲವೇ ಅಲ್ಲ. ಫಲಿತಾಂಶವು ಆ ವ್ಯಕ್ತಿಯ ಅಮಾನತ್ತು. ಅದನ್ನು ಮಸೀದಿಯ ರಿಜಿಸ್ಟರಿನಲ್ಲಿ ಬರೆಯುವ ಅಥವಾ ಓಣಿಯಲ್ಲಿ ಹೇಳುತ್ತಾ ಹೋಗುವ ಅಧಿಕಾರ ಯಾರಿಗೂ ಇಲ್ಲ.

ಇಲ್ಲೊಂದು ಎಚ್ಚರಿಕೆಯೂ ಇದೆ. ಓದುವವರಿಲ್ಲದೆ ಪರೀಕ್ಷಾ ಶಿಬಿರ ಏರ್ಪಡಿಸಿದರೆ ಒಳಿತಿಗಿಂತ ಕೆಡುಕೇ ಹೆಚ್ಚು. ಎಚ್‌ಪಿಎಲ್‌ಸಿಯಲ್ಲಿ ಎ2 ಹಿಮೋಗ್ಲೋಬಿನ್ ಶೇ. 3.5ಕ್ಕಿಂತ ಹೆಚ್ಚಿದ್ದರೆ ವಾಹಕರೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಆದರೆ ಜೊತೆಯಲ್ಲೇ ತೀವ್ರ ಕಬ್ಬಿಣಾಂಶದ ಕೊರತೆಯಿದ್ದರೆ ಆ ಅಂಕಿ ತಗ್ಗಿ, ವಾಹಕಿಯೊಬ್ಬಳು ಆರೋಗ್ಯವಂತಳೆಂದು ವರದಿಯಾಗಬಹುದು. ಇತ್ತೀಚೆಗೆ ರಕ್ತ ಪಡೆದವರ ಫಲಿತಾಂಶವೂ ದಾರಿ ತಪ್ಪಿಸಬಹುದು. ಆ ಒಂದು ಗೆರೆಯ ಆಚೆ ಒಂದು ಸಂಬಂಧ ಮುರಿಯುತ್ತದೆ, ಈಚೆ ಒಂದು ಮಗು ರೋಗದೊಂದಿಗೆ ಹುಟ್ಟುತ್ತದೆ. ಈ ಗೆರೆಯ ಮೇಲೆ ಕುಳಿತಿರುವವನು ಕಲಿತವನಾಗಿರಬೇಕೆಂದು ನಾವು ಬಯಸುವುದು ಅತಿಯಾಸೆಯೇ?

ಆದ್ದರಿಂದ ಸರಕಾರದ ಮುಂದೆ ನಮ್ಮ ಬೇಡಿಕೆಗಳು ಸ್ಪಷ್ಟ. ಸ್ನಾತಕೋತ್ತರ ವೈದ್ಯರು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ನಿಯಮ ಈಗಾಗಲೇ ಇದೆ. ಒಳ್ಳೆಯ ನಿಯಮವದು. ಆದರೆ ಪೆಥಾಲಜಿ ರೆಸಿಡೆಂಟ್ ಅಲ್ಲಿಗೆ ಹೋದಾಗ ಕಲಿಸಲು ಹಿರಿಯ ತಜ್ಞರೂ ಎಚ್‌ಪಿಎಲ್‌ಸಿ ಸೌಲಭ್ಯವೂ ಇರಬೇಕು. ಅಸಹಜವೆಂದು ಯಂತ್ರ ಎಚ್ಚರಿಸಿದ ಪ್ರತಿಯೊಂದು ಮಾದರಿಯ ಸ್ಲೈಡನ್ನೂ ತಜ್ಞರು ನೋಡಲೇಬೇಕೆಂಬ ಕಟ್ಟಳೆ ಸರಕಾರಿ ಮತ್ತು ಖಾಸಗಿ ಲ್ಯಾಬ್‌ಗಳೆರಡಕ್ಕೂ ಅನ್ವಯವಾಗಬೇಕು. ತಾಲೂಕು ಆಸ್ಪತ್ರೆಗಳಲ್ಲಿ ಪೆಥಾಲಜಿಸ್ಟ್ ಹುದ್ದೆಗಳಿರಬೇಕು, ಅವು ಖಾಲಿ ಬೀಳಬಾರದು. ಸಿಕಲ್ ಸೆಲ್ ರೋಗವನ್ನು 2047ರೊಳಗೆ ನಿವಾರಿಸುವ ರಾಷ್ಟ್ರೀಯ ಯೋಜನೆ 2023ರ ಜುಲೈಯಲ್ಲಿ ಆರಂಭವಾಗಿದೆ. ಕೋಟಿಗಟ್ಟಲೆ ಜನರ ರಕ್ತ ಪರೀಕ್ಷಿಸುವ ಗುರಿಯಿರುವಾಗ ಅದನ್ನು ಓದುವವರನ್ನು ತಯಾರಿಸುವ ಗುರಿಯೂ ಇರಬೇಡವೇ?

ನಾವು ಹೇಳಿದ ಆ ಮಗು ಈಗ ಶಾಲೆಗೆ ಹೋಗುತ್ತಿದೆ. ಮೂರು ವಾರಗಳಿಗೊಮ್ಮೆ ರಕ್ತ ಏರಿಸಿಕೊಳ್ಳುತ್ತದೆ. ಹಾಗೆ ಏರಿಸಿದ ರಕ್ತದಿಂದ ದೇಹದಲ್ಲಿ ಶೇಖರವಾಗುವ ಕಬ್ಬಿಣಾಂಶವನ್ನು ಹೊರಹಾಕಲು ಪ್ರತಿದಿನ ಮಾತ್ರೆ ನುಂಗುತ್ತದೆ. ಒಂದು ಕಾಲದಲ್ಲಿ ತಾಯಿ ಯಾವುದನ್ನು ಆರು ವರ್ಷ ನುಂಗಿದಳೋ, ಅದನ್ನು ದೇಹದಿಂದ ತೆಗೆಯಲು ಮಗ ಜೀವನಪೂರ್ತಿ ಹೆಣಗಬೇಕಾಗಿದೆ. ಆ ಯುವ ವೈದ್ಯೆಯ ಸಲಹೆಯಂತೆ ಕುಟುಂಬದ ಇತರ ಮಕ್ಕಳೆಲ್ಲರ ರಕ್ತ ಪರೀಕ್ಷೆ ನಡೆಯಿತು. ಇನ್ನಿಬ್ಬರು ವಾಹಕರೆಂದು ತಿಳಿಯಿತು. ಅವರ ನಿಕಾಹ್ ಮಾತುಕತೆ ಈಗ ತಿಳಿದು ನಡೆಯುತ್ತದೆ, ಕುರುಡಾಗಿ ಅಲ್ಲ.

ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲ ಎಂಬ ವಿಶ್ವಾಸ ನಮ್ಮದು. ಆದರೆ ರೋಗ ಯಾವುದೆಂದು ಅರಿಯದವನಿಗೆ ಮದ್ದು ಸಿಗುವುದಾದರೂ ಹೇಗೆ? ಮುಂದಿನ ಬಾರಿ ನಿಮ್ಮ ಮನೆಗೆ ರಕ್ತದ ವರದಿಯೊಂದು ಬಂದಾಗ ಎರಡು ಪ್ರಶ್ನೆ ಕೇಳಿ: ಇದರ ಸ್ಲೈಡನ್ನು ಯಾರಾದರೂ ನೋಡಿದ್ದಾರೆಯೇ? ಇದರ ಕೆಳಗಿರುವ ಸಹಿ ಯಾರದ್ದು? ಉತ್ತರ ಸಿಗದಿದ್ದರೆ ಮೂರನೆಯ ಪ್ರಶ್ನೆಯನ್ನು ನಿಮ್ಮಲ್ಲೇ ಕೇಳಿಕೊಳ್ಳಿ. ಆ ಜಾಗದಲ್ಲಿ ಸಹಿ ಹಾಕಬಲ್ಲ ಒಬ್ಬ ಮಗನನ್ನೋ ಮಗಳನ್ನೋ ತಯಾರಿಸಲು ನಾವು ಈವರೆಗೆ ಏನು ಮಾಡಿದ್ದೇವೆ?